ಡ್ರಾಯರಿನ ಮೂಲೆಗೊಂದು ಜಿಗ್ಗು

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಜಗಲಿಯ ಮೇಜಿನ ಎಡಗಡೆ ಡ್ರಾಯರನ್ನು ತಂದು ನನ್ನ ಮುಂದೆ ಇಟ್ಟ. ಡ್ರಾಯರು ಅನ್ನೋದಕ್ಕಿಂತ ಡ್ರಾಯರಿನ ಅಸ್ಥಿಪಂಜರ ಅನ್ನಬೇಕು. ತಳ, ಹಿಂದಿನ ಹಲಗೆ ಎರಡೂ ಒರಲೆಗೆ ಊಟವಾಗಿದ್ದವು. ಪಕ್ಕದ ಹಲಗೆಗಳನ್ನು ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಪುಡಿಪುಡಿ. ಮುಂದಿನ ಹಲಗೆ ನೋಡೋಕೆ ನೆಟ್ಟಗಿತ್ತು, ಬಡಿದರೆ ಒಳಗೆಲ್ಲ ಪೊಳ್ಳು. ಉಳಿದದ್ದು ಹಿತ್ತಾಳೆಯ ಹಿಡಿ ಒಂದೇ.

"ನೀನು ಬೆಂಗ್ಳೂರಲ್ಲಿ ಎಂಥದೋ ಮರಗೆಲಸ ಕಲೀತಿದ್ದೀಯಂತಲ್ಲ ಮಾರಾಯ. ಇದೊಂದು ಮಾಡ್ಕೊಡು. ಆ ಬದಿಯದ್ದರ ಹಾಗೇ ಇರ್ಲಿ."

ಆ ಮೇಜು ಅಜ್ಜನದ್ದು. ಅಜ್ಜ ಶಾಲೆ ಮೇಷ್ಟ್ರಾಗಿದ್ದವರು. ಊರಿನ ಆಚಾರ್ರು 1970ರ ದಶಕದಲ್ಲಿ ನಮ್ಮನೆ ಅಂಗಳದಲ್ಲೇ ಕೂತು ಮಾಡಿಕೊಟ್ಟದ್ದಂತೆ. ಅಪ್ಪ ಈ ಮನೆಯಲ್ಲಿ ಬೇರೆ ಯಾವ ವಸ್ತುವಿನ ಬಗ್ಗೆಯೂ "ಮಾಡ್ಕೊಡು" ಅಂತ ನನ್ನ ಹತ್ತಿರ ಕೇಳಿದ್ದು ನೆನಪಿಲ್ಲ. ಫೋನಿನಲ್ಲಿ ಮಾತಾಡಿದರೂ "ಮಳೆ ಬಂತಾ, ಊಟ ಆಯ್ತಾ, ಅಮ್ಮಂಗೆ ಕೊಡ್ತೆ" ಅಷ್ಟೇ. ಹಾಗಾಗಿ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.

ಆದರೆ ನನ್ನ ಮರಗೆಲಸ ಅಂದ್ರೆ ಅಷ್ಟರಲ್ಲೇ ಇದೆ. ಎರಡು ವರ್ಷದಿಂದ ಶನಿವಾರ-ಭಾನುವಾರ ಬಾಡಿಗೆ ಮನೆ ಬಾಲ್ಕನಿಯಲ್ಲಿ ಕೂತು ಒಂದು ಚಪ್ಪಲಿ ಸ್ಟ್ಯಾಂಡು, ಒಂದು ಪುಸ್ತಕದ ಕಪಾಟು, ಒಂದು ಓಲಾಡುವ ಸ್ಟೂಲು ಮಾಡಿದ್ದೇನೆ. (ಓಲಾಡಲಿ ಅಂತ ಮಾಡಿದ್ದಲ್ಲ :)) ಎಲ್ಲವೂ ಸ್ಕ್ರೂ ಮತ್ತು ಅಂಟಿನ ಕೃಪೆ.

ಬಲಗಡೆ ಡ್ರಾಯರು ಇನ್ನೂ ಗಟ್ಟಿಯಾಗಿತ್ತು. ಅದನ್ನು ಹೊರಗೆಳೆದು ಪಕ್ಕದಿಂದ ನೋಡಿದೆ, ಎದೆ ಧಸಕ್ಕೆಂದಿತು. ಮೂಲೆಯಲ್ಲಿ ಒಂದು ಮೊಳೆ ಇಲ್ಲ. ಪಕ್ಕದ ಹಲಗೆಯ ತುದಿಯನ್ನು ಬೀಸಣಿಗೆಯ ಹಾಗೆ ಅಗಲವಾಗುವ ಮೂರು ಹಲ್ಲಾಗಿ ಕೊಯ್ದು, ಮುಂದಿನ ಹಲಗೆಯ ಒಳಮೈಯಲ್ಲಿ ಕಚ್ಚು ತೆಗೆದು ಕೂರಿಸಿದ್ದಾರೆ. ಇದೇ ಡವ್‌ಟೇಲು, ಪಾರಿವಾಳದ ಬಾಲ. ಹಲ್ಲಿನ ತುದಿ ಅಗಲ, ಬುಡ ಸಣ್ಣ. ಹಾಗಾಗಿ ಡ್ರಾಯರನ್ನು ಎಷ್ಟು ಜಗ್ಗಿದರೂ ಮುಂದಿನ ಹಲಗೆ ಕಿತ್ತು ಕೈಗೆ ಬರೋದಿಲ್ಲ. ಹಲ್ಲಿಗೆ ಟೇಲು ಅಂತಲೂ, ಎರಡು ಹಲ್ಲಿನ ನಡುವೆ ಎದುರು ಹಲಗೆಯಲ್ಲಿ ಉಳಿಯೋ ಭಾಗಕ್ಕೆ ಪಿನ್ನು ಅಂತಲೂ ಹೆಸರು. ಪಕ್ಕದಿಂದ ಮಾತ್ರ ಕಂಡು ಮುಂದಿನಿಂದ ಕಾಣದಿದ್ದರೆ ಅದು ಹಾಫ್ ಬ್ಲೈಂಡ್, ಎರಡೂ ಕಡೆಯಿಂದ ಕಂಡರೆ ಥ್ರೂ. ಅಜ್ಜನ ಮೇಜಿನದ್ದು ಹಾಫ್ ಬ್ಲೈಂಡು.

ಹತ್ತಿರದಿಂದ ನೋಡಿದರೆ ಒಂದು ಹಲ್ಲಿನ ಹಾಗೆ ಇನ್ನೊಂದಿಲ್ಲ. ಅಕ್ಕನ ಮಗಳ ಜಾಮಿಟ್ರಿ ಬಾಕ್ಸಿಂದ ಕೋನಮಾಪಕ ತಂದು ಓರೆ ಅಳೆದೆ. 8, 11, 9, 10, 9, 10 ಡಿಗ್ರಿ. ಇಂಜಿನಿಯರ್ ಬುದ್ಧಿ ಎಲ್ಲಿ ಹೋಗುತ್ತೆ, ಸರಾಸರಿ ತೆಗೆದೆ: 9.5. ಇದು ಸರಿಯಾಗಿ 1:6 ಓರೆ, ಅಂದರೆ ಆರು ಅಂಗುಲ ಉದ್ದಕ್ಕೆ ಒಂದು ಅಂಗುಲ ವಾಲುವುದು. ಮೆದು ಮರಕ್ಕೆ 1:6, ಗಟ್ಟಿ ಮರಕ್ಕೆ 1:8 (ಸುಮಾರು 7 ಡಿಗ್ರಿ) ಅನ್ನೋದು ಪುಸ್ತಕದ ಲೆಕ್ಕ. ಪಿನ್ನುಗಳಂತೂ ತೀರಾ ತೆಳ್ಳಗೆ, ಸಣ್ಣ ಬದಿಯಲ್ಲಿ 3 ಮಿ.ಮೀ. ಇರಬಹುದು. ಡ್ರಾಯರಿನ ಮೇಲ್ಗಡೆ ಮಾತ್ರ ಸುಮಾರು ಸಂದು ಬಿಟ್ಟಿದ್ದರು, ಹೆಚ್ಚುಕಮ್ಮಿ ಕಾಲು ಇಂಚು. ಇಷ್ಟು ಚೆಂದ ಮೂಲೆ ಮಾಡಿ ಇಲ್ಲಿ ಯಾಕೆ ಉದಾಸೀನ ಮಾಡಿದರೋ ಅಂದುಕೊಂಡೆ. ಈ ಸಂದಿನ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೆ.

ಮರಕ್ಕೆ ತೊಂದರೆ ಇರಲಿಲ್ಲ. 2019ರ ಆಗಸ್ಟಿನ ಆ ಭಯಂಕರ ಮಳೆಯಲ್ಲಿ ಬಾವಿ ಹತ್ತಿರದ ಹಲಸಿನ ಮರ ಬುಡಸಮೇತ ಮಗುಚಿತ್ತು. ಅದನ್ನು ಮಿಲ್ಲಿನಲ್ಲಿ ಕೊಯ್ಸಿ ಅಪ್ಪ ಅಟ್ಟದ ಮೇಲೆ ಪೇರಿಸಿಟ್ಟಿದ್ದ. ಒಂದು ಇಂಚು ದಪ್ಪದ ಹಲಗೆ ಒಣಗೋಕೆ ಒಂದು ವರ್ಷ ಅಂತ ಲೆಕ್ಕ, ಇದು ಧಾರಾಳ ಒಣಗಿತ್ತು. ಬಹುಪಾಲು ದೇವರಕೋಣೆ ಬಾಗಿಲಿಗೆ ಹೋಗಿ, ಉಳಿದದ್ದು ನಾಲ್ಕೇ ಹಲಗೆ. ಒಂದು ಡ್ರಾಯರಿಗೆ ಬೇಕಾದ್ದೂ ನಾಲ್ಕೇ. ತೀರ್ಥಹಳ್ಳಿಯಿಂದ ಬರೋ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಮಲಗಿಸಿಕೊಂಡು ಬಂದೆ. ಹಾಳು ಮಾಡಿದರೆ ಐದನೆಯದಿಲ್ಲ. ಆ ಮರವೇ ಇಲ್ಲ.

ಬೆಂಗಳೂರಿಗೆ ಬಂದವನೇ ಜಿಗ್ ಹುಡುಕಲು ಶುರು ಮಾಡಿದೆ. ಜಿಗ್ ಅಂದರೆ ಕೈ ತಪ್ಪದ ಹಾಗೆ ಗರಗಸಕ್ಕೋ ಮೆಷಿನ್ನಿಗೋ ದಾರಿ ತೋರಿಸೋ ಸಾಧನ. ಕೈ ಮೇಲೆ ನಂಬಿಕೆ ಇಲ್ಲದವನು ದುಡ್ಡಿನ ಮೇಲೆ ನಂಬಿಕೆ ಇಡುತ್ತಾನೆ. ಒಂದು ತಿಂಗಳು ರಾತ್ರಿ ಹನ್ನೊಂದರಿಂದ ಒಂದರವರೆಗೆ ವಿಡಿಯೋ ನೋಡಿದ್ದೇ ನೋಡಿದ್ದು. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಒಂದು ಸ್ಪ್ರೆಡ್‌ಶೀಟು ಬೇರೆ. ಹೆಸರು, ಬೆಲೆ, ಗರಿಷ್ಠ ಅಗಲ, ಕಸ್ಟಮ್ಸ್ ಸೇರಿ ಎಷ್ಟು... ನಮ್ಮ ಮ್ಯಾನೇಜರ್ ನೋಡಿದ್ದರೆ ಇಷ್ಟು ಶ್ರದ್ಧೆ ಪ್ರಾಜೆಕ್ಟಿನಲ್ಲಿ ಯಾಕಿಲ್ಲ ಅಂತ ಕೇಳುತ್ತಿದ್ದರು.

ಈ ಜಾತಿಯಲ್ಲಿ ರಾಜ ಅಂದರೆ ಕೆನಡಾದ ಲೀ ಕಂಪನಿಯ ಜಿಗ್ಗುಗಳು. 24 ಇಂಚು ಅಗಲದ ಚೌಕಟ್ಟು, ಅದರ ಮೇಲೆ ಬಾಚಣಿಗೆ ಹಲ್ಲಿನಂಥ ಬೆರಳುಗಳು. ಬೆರಳುಗಳನ್ನು ಹಿಂದೆ ಮುಂದೆ ಸರಿಸಿ ಹಲ್ಲಿನ ಅಗಲ ನಮಗೆ ಬೇಕಾದ ಹಾಗೆ ಇಟ್ಟುಕೊಳ್ಳಬಹುದು. ಬೆಲೆ ನೂರಾರು ಡಾಲರು, ತರಿಸಿದರೆ ಸಾಗಾಟ, ಸುಂಕ ಪ್ರತ್ಯೇಕ. ಒಂದು ಡ್ರಾಯರಿಗೆ! ಆ ಸಾಲನ್ನು ಕೆಂಪು ಬಣ್ಣ ಬಳಿದು ಬಿಟ್ಟೆ.

ಅಗ್ಗದ್ದು ಅಂದರೆ ಹಲ್ಲುಗಳು ಅಲುಗಾಡದ ಜಿಗ್ಗು. ಅದು 8,000 ರೂಪಾಯಿ ಆಸುಪಾಸಿಗೆ ಸಿಗುತ್ತಿತ್ತು. ನನ್ನ ಪುಣ್ಯಕ್ಕೆ ಆಫೀಸಿನ ಗೆಳೆಯನೊಬ್ಬ ಅಂಥದ್ದನ್ನೇ ತಗೊಂಡು ಒಂದು ಸಲವೂ ಬಳಸದೆ ಮಂಚದಡಿ ಇಟ್ಟಿದ್ದ. ರೌಟರ್ ಮೆಷಿನ್ನು ಸಮೇತ ಒಂದು ವಾರದ ಮಟ್ಟಿಗೆ ಎತ್ತಿಕೊಂಡು ಬಂದೆ. ಕೊಳ್ಳೋ ಮುಂಚೆ ಸಾಲ ತಂದು ನೋಡಿದ್ದು ಈ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ.

ಅದು ಕೆಲಸ ಮಾಡೋ ರೀತಿ ಮಾತ್ರ ಭಾರಿ ಚೆಂದ. ಪಕ್ಕದ ಹಲಗೆಯನ್ನು ಮುಂದೆ ನೆಟ್ಟಗೆ ನಿಲ್ಲಿಸಿ, ಮುಂದಿನ ಹಲಗೆಯನ್ನು ಮೇಲೆ ಅಡ್ಡ ಮಲಗಿಸಿ, ಎರಡನ್ನೂ ಬಿಗಿಯೋದು. ಮೇಲೆ ಬಾಚಣಿಗೆಯಂಥ ತಟ್ಟೆ. ರೌಟರಿನ ತಳದಲ್ಲಿರುವ ಬುಶ್ ಆ ಬಾಚಣಿಗೆಯ ಸಂದಿಯಲ್ಲಿ ಓಡುತ್ತಾ ಹೋದರೆ, 14 ಡಿಗ್ರಿ ಓರೆಯ ಅರ್ಧ ಇಂಚಿನ ಬಿಟ್ಟು ಎರಡೂ ಹಲಗೆಯನ್ನು ಒಂದೇ ಸಲಕ್ಕೆ ಕೊರೆಯುತ್ತದೆ. ಟೇಲು, ಪಿನ್ನು ಎರಡೂ ಒಟ್ಟಿಗೆ ಹುಟ್ಟುತ್ತವೆ! ಜೋಡಣೆ ಸಡಿಲವಾದರೆ ಬಿಟ್ಟನ್ನು ಕೂದಲೆಳೆಯಷ್ಟು ಕೆಳಗಿಳಿಸಬೇಕು, ಬಿಗಿಯಾದರೆ ಮೇಲೆತ್ತಬೇಕು. ಇಷ್ಟು ಗೊತ್ತಾಗೋಕೆ ನನಗೆ ಒಂದು ಇಡೀ ಶನಿವಾರ, ಹನ್ನೊಂದು ತುಂಡು ಪ್ಯಾಕಿಂಗ್ ಪೈನ್ ಮರ ಖರ್ಚಾಯಿತು. ಹನ್ನೆರಡನೆಯದು ಸುತ್ತಿಗೆಯಲ್ಲಿ ಎರಡು ತಟ್ಟಿದರೆ ಒಳಗೆ ಕೂತಿತು. ಬಾಲ್ಕನಿಯಲ್ಲಿ ಒಬ್ಬನೇ ಕುಣಿದೆ.

ಅಷ್ಟರಲ್ಲಿ ಕೆಳಗಿನ ಮನೆಯಿಂದ ಓನರ್ ಅಂಕಲ್ ಮೇಲೆ ಬಂದರು. "ಏನಪ್ಪಾ ಅದು, ಬೋರ್‌ವೆಲ್ ಕೊರೀತಿದ್ಯಾ?"

ರೌಟರು ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಯಂತ್ರ. ಅದರ ಕಿರುಚಾಟ ಕೇಳಿದವರಿಗೇ ಗೊತ್ತು. ಮರದ ಧೂಳು ಕೆಳಗಿನ ಬಾಲ್ಕನಿಯಲ್ಲಿ ಆಂಟಿ ಒಣಗಿಸಿದ್ದ ಸಂಡಿಗೆಯ ಮೇಲೆ ಬಿದ್ದಿದೆ ಅಂತಲೂ ಅಂಕಲ್ ಹೇಳಿದರು. ಜಗಳ ಆಡಲಿಲ್ಲ, ಅದೇ ಕಷ್ಟ. ಬೈದಿದ್ದರೆ ಒಂದು ಮಾತು ತಿರುಗಿ ಹೇಳಬಹುದಿತ್ತು.

ಸಂಡಿಗೆ ಪ್ರಕರಣ ಇಲ್ಲದಿದ್ದರೂ ಆ ಜಿಗ್ಗು ನನ್ನ ಕೆಲಸಕ್ಕೆ ಆಗುತ್ತಿರಲಿಲ್ಲ. ಅದರ ಹಲ್ಲಿನಿಂದ ಹಲ್ಲಿಗೆ ಅಂತರ 7/8 ಇಂಚು, ಬದಲಾಯಿಸುವ ಹಾಗಿಲ್ಲ. ಡ್ರಾಯರಿನ ಎತ್ತರ ಈ 7/8ರ ಮಗ್ಗಿಯಲ್ಲಿ ಬಂದರೆ ಮೇಲೆ ಕೆಳಗೆ ಸಮನಾಗಿ ಅರ್ಧ ಪಿನ್ನು ಬರುತ್ತದೆ. ಅಜ್ಜನ ಡ್ರಾಯರು ನಾಲ್ಕೂ ಮುಕ್ಕಾಲು ಇಂಚು, ಅಂದರೆ ಐದು ಹಲ್ಲಿಗೆ ಹೆಚ್ಚು, ಆರಕ್ಕೆ ಕಮ್ಮಿ. ಒಂದು ತುದಿಯಲ್ಲಿ ಹಲ್ಲು ಅರ್ಧಂಬರ್ಧ ಕಡಿದುಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಂತ್ರದ ಬಿಟ್ಟಿನ ಸೊಂಟ ಎಷ್ಟು ದಪ್ಪವೋ ಅದಕ್ಕಿಂತ ತೆಳ್ಳಗಿನ ಪಿನ್ನು ಯಾವ ಜಿಗ್ಗಿನಿಂದಲೂ ಬರೋದಿಲ್ಲ. ಎಷ್ಟೇ ದುಬಾರಿಯಾದರೂ ಸರಿ. ಆಚಾರ್ರ 3 ಮಿ.ಮೀ. ಪಿನ್ನು ಗರಗಸಕ್ಕೆ ಮಾತ್ರ ಸಾಧ್ಯ. ಬಲಗಡೆ ಮೂರು ಹಲ್ಲು, ಎಡಗಡೆ ಬಾಚಣಿಗೆಯ ಹಾಗೆ ಐದೂವರೆ ಹಲ್ಲು... ಅಪ್ಪ ಏನೂ ಹೇಳುತ್ತಿರಲಿಲ್ಲ, ಆದರೆ ನೋಡುತ್ತಿದ್ದ. ಅಡುಗೆಮನೆಗೆ ಒಂದೇ ಅಳತೆಯ ಹತ್ತು ಡ್ರಾಯರು ಮಾಡೋರು ಕಣ್ಮುಚ್ಚಿ ಈ ಜಿಗ್ಗು ತಗೊಳ್ಳಿ, ಒಂದು ಶನಿವಾರದ ಸೆಟ್ಟಿಂಗು ಹತ್ತಕ್ಕೂ ಹಂಚಿಹೋಗುತ್ತದೆ. ಒಂದೇ ಒಂದು ಮಾಡೋನಿಗೆ ಅಲ್ಲ.

ಆಚಾರ್ರು ಈಗಿಲ್ಲ. ಅವರ ಮಗ ಬೆಂಗಳೂರಲ್ಲೇ ಮಾಡ್ಯುಲರ್ ಕಿಚನ್ ಕೆಲಸ ಮಾಡಿಸುತ್ತಾರೆ ಅಂತ ಅಮ್ಮ ಹೇಳಿದಳು. ಒಂದು ಭಾನುವಾರ ಹುಡುಕಿಕೊಂಡು ಹೋದೆ. ಮೈಸೂರು ರಸ್ತೆ ಟಿಂಬರ್ ಯಾರ್ಡ್ ಹತ್ತಿರ ಸಣ್ಣ ಶೆಡ್ಡು. ಹಲಗೆ ಅಂದರೆ ಎಲ್ಲ ಪ್ಲೈವುಡ್ಡೇ. ನಾನು ಮೊಬೈಲಿನಲ್ಲಿ ಬಲಗಡೆ ಡ್ರಾಯರಿನ ಫೋಟೋ ತೋರಿಸಿದೆ. ದೊಡ್ಡದು ಮಾಡಿ ಸುಮಾರು ಹೊತ್ತು ನೋಡಿದರು.

"ಇದು ನಮ್ಮಪ್ಪಂದೇ ಕೈ. ನೋಡಿ, ಕೆಳಗಿನ ಹಲ್ಲು ಯಾವಾಗ್ಲೂ ಸ್ವಲ್ಪ ದೊಡ್ಡದು ಹಾಕ್ತಿದ್ರು."

"ನಿಮಗೆ ಬರುತ್ತಲ್ಲ ಇದು?"

"ಕಲ್ತಿದ್ದೆ. ಈಗ ಎಲ್ಲ ಮಿನಿಫಿಕ್ಸು, ಟೆಲಿಸ್ಕೋಪಿಕ್ ಚಾನೆಲ್ಲು. ಇದನ್ನ ಹಾಕ್ತೀನಿ ಅಂದ್ರೆ ಯಾರು ಸ್ವಾಮಿ ಕೂಲಿ ಕೊಡ್ತಾರೆ? ನಂಗೂ ಇಬ್ರು ಮಕ್ಳಿದಾರೆ."

ಆಚಾರ್ರು ಓರೆ ಗುರುತು ಹಾಕೋಕೆ ಏನು ಬಳಸುತ್ತಿದ್ದರು ಅಂತ ಕೇಳಿದೆ. "ಒಂದು ತಗಡಿತ್ತು. ಡಾಲ್ಡಾ ಡಬ್ಬಿದು. ಕತ್ತರಿಸಿ ಮಡಚಿಟ್ಕೊಂಡಿದ್ರು. ಹಲಗೆ ಅಂಚಿಗೆ ಅದನ್ನ ಕೂರ್ಸಿ ಗೀರೋದು, ಆಮೇಲೆ ಗರಗಸ ಕಣ್ಣಳತೆ." ಆ ತಗಡು ಎಲ್ಲಿದೆ ಅಂತ ಅವರಿಗೂ ಗೊತ್ತಿಲ್ಲ. ಉಳಿ, ಹತ್ತರಿ ಎಲ್ಲ ಊರ ಮನೆಯಲ್ಲಿವೆಯಂತೆ, ತಗಡನ್ನು ಯಾರು ಇಟ್ಟುಕೊಳ್ಳುತ್ತಾರೆ. ಕಾಫಿ ತರಿಸಿದರು. ಹೊರಡುವಾಗ "ಸ್ವಲ್ಪ ತಡೀರಿ" ಅಂತ ಒಳಗೆ ಹೋಗಿ ಸಿಲ್ವರ್ ಓಕಿನ ಒಂದು ತುಂಡು ಹಲಗೆ ತಂದುಕೊಟ್ಟರು, ಪ್ರಾಕ್ಟೀಸಿಗಿರಲಿ ಅಂತ.

ತಗಡಿನ ಕಥೆ ಕೇಳಿದ ಮೇಲೆ ನನ್ನ ಸ್ಪ್ರೆಡ್‌ಶೀಟಿನ ತುತ್ತತುದಿಯ ಸಾಲುಗಳ ಕಡೆ ಗಮನ ಹೋಯಿತು, ಕೈಗರಗಸಕ್ಕೆ ದಾರಿ ತೋರಿಸೋ ಜಿಗ್ಗುಗಳು. ಬ್ರಿಟನ್ನಿನ ಪಾಲ್ ಸೆಲ್ಲರ್ಸ್ ಮರದ ಸಣ್ಣ ತುಂಡಿನಲ್ಲೇ ಗುರುತು ಹಾಕೋ ಅಚ್ಚು ಮಾಡೋದನ್ನು ತೋರಿಸುತ್ತಾರೆ. ಖರ್ಚು ಸೊನ್ನೆ, ಆದರೆ ಅದು ಗೀರೋಕೆ ಮಾತ್ರ, ಕೊಯ್ಯೋದು ನಾವೇ. ಅಲ್ಲಿಯವರೇ ಆದ ಡೇವಿಡ್ ಬ್ಯಾರನ್ ಮಾಡೋದು ಇನ್ನೊಂದು ಹೆಜ್ಜೆ ಮುಂದೆ: ಓರೆ ಕೊಯ್ದ ತುಂಡಿನ ಒಳಗೆ ಅಯಸ್ಕಾಂತ. ಗರಗಸದ ಅಲಗು ಅದಕ್ಕೆ ಅಂಟಿಕೊಂಡೇ ಓಡುತ್ತದೆ, ಅತ್ತಿತ್ತ ವಾಲೋದಿಲ್ಲ. ಕೆನಡಾದ ವೆರಿಟಾಸ್ ಕಂಪನಿಯದ್ದೂ ಇದೇ ತತ್ವ. ಕೊಳ್ಳಬಹುದಿತ್ತು. ಆದರೆ ತತ್ವ ಗೊತ್ತಾದ ಮೇಲೆ ದುಡ್ಡು ಕೊಡೋಕೆ ನನಗೆ ಸಂಕಟ.

ಎಸ್.ಪಿ. ರಸ್ತೆಯಲ್ಲಿ 10 ಮಿ.ಮೀ. ಅಗಲದ ನಾಲ್ಕು ನಿಯೋಡಿಮಿಯಂ ಅಯಸ್ಕಾಂತ ತಂದೆ, 150 ರೂಪಾಯಿ. ಸಾಗುವಾನಿಯ ಒಂದು ಗಿಡ್ಡ ತುಂಡಿನ ಎರಡೂ ತುದಿಗೆ ಎದುರುಬದಿರಾಗಿ 1:6 ಓರೆ ಕೊಯ್ದು, ಹಲಗೆಯ ಅಂಚಿಗೆ ಆತುಕೊಳ್ಳಲು ಹಿಂದೆ ಒಂದು ಪಟ್ಟಿ ಅಂಟಿಸಿದೆ. ಬೈರಿಗೆಯಲ್ಲಿ ಗುಳಿ ತೋಡಿ ಅಯಸ್ಕಾಂತವನ್ನು ಮೈಯಿಂದ ಒಂದು ಕೂದಲು ಒಳಗೆ ಇರುವಂತೆ ಕೂರಿಸಿ, ಮೇಲೆ ಪ್ಯಾಕಿಂಗ್ ಟೇಪು. ಟೇಪಿಲ್ಲದಿದ್ದರೆ ಗರಗಸ ಮರ ಬಿಟ್ಟು ಜಿಗ್ಗನ್ನೇ ತಿನ್ನುತ್ತದೆ. ಮೊದಲನೆಯದರ ಓರೆ 1:5 ಬಂತು, ಎರಡನೆಯದು ಒಲೆಗೆ, ಮೂರನೆಯದು ಸರಿಯಾಯಿತು. ಗರಗಸ ಮಾತ್ರ ಒಳ್ಳೆಯದೇ ಬೇಕು. ಡೋಜುಕಿ ಅನ್ನೋ ಜಪಾನಿ ಗರಗಸ ತರಿಸಿದೆ, ತಳ್ಳಿದಾಗಲ್ಲ, ಎಳೆದಾಗ ಕೊಯ್ಯುವಂಥದ್ದು. ಅಲಗು ತೆಳ್ಳಗೆ ಪೇಪರಿನ ಹಾಗೆ. ಎಲ್ಲ ಸೇರಿ ಮೂರು ಸಾವಿರ ದಾಟಲಿಲ್ಲ. ಸಿಲ್ವರ್ ಓಕಿನ ತುಂಡಿನ ತುದಿಯಲ್ಲಿ ಕೊಯ್ದು ನೋಡಿದೆ. ಕಣ್ಮುಚ್ಚಿ ಎಳೆದರೂ ಓರೆ ಒಂದೇ! ನಾನೇ ಆಚಾರಿ ಆಗಿಬಿಟ್ಟೆ ಅನ್ನಿಸಿತು.

ಆ ಅಹಂಕಾರದಲ್ಲೇ ಹಲಸಿನ ಮೊದಲ ಹಲಗೆಯನ್ನು ಹಾಳು ಮಾಡಿದೆ.

ಆದದ್ದಿಷ್ಟು. ಆ ಹಲಗೆ ಸ್ವಲ್ಪ ಡೊಂಕಿತ್ತು, ನಡುವೆ ಒಂದು ಮಿ.ಮೀ. ಗುಳಿ. ಹತ್ತರಿ ಹಾಕಿ ಸಪಾಟು ಮಾಡೋ ಸಹನೆ ಇರಲಿಲ್ಲ. ಜಿಗ್ಗು ಹಲಗೆಯ ಮೈಗೆ ಆತುಕೊಂಡು ಕೂರುತ್ತದೆ. ಹಲಗೆ ಡೊಂಕಾದರೆ ಅದೂ ಡೊಂಕಾಗಿಯೇ, ಬಹಳ ಆತ್ಮವಿಶ್ವಾಸದಿಂದ ಗರಗಸಕ್ಕೆ ದಾರಿ ತೋರಿಸುತ್ತದೆ. ಮುಂದಿನ ಮೈಯಲ್ಲಿ ಗೆರೆ ಸರಿ, ಹಿಂದಿನ ಮೈಯಲ್ಲಿ ಗೆರೆ ದಾಟಿ ಎಲ್ಲೋ. ಅದು ಸಾಲದು ಅಂತ ಒಂದು ಕಡೆ ತೆಗೆಯಬೇಕಾದ ಭಾಗಕ್ಕೆ ಗುರುತು ಹಾಕದೆ ಗೆರೆಯ ತಪ್ಪು ಬದಿಯಲ್ಲಿ ಕೊಯ್ದೆ. ಓರೆ ಮಾತ್ರ ಕರಾರುವಾಕ್ಕು 1:6! ಆ ರಾತ್ರಿ ಊಟ ಸೇರಲಿಲ್ಲ. ಹಲಸಿನ ಹಳದಿ ಪುಡಿ ಅಂಗೈಯಲ್ಲೆಲ್ಲ ಮೆತ್ತಿಕೊಂಡಿತ್ತು, ತೊಳೆಯದೆ ಸುಮ್ಮನೆ ಕೂತಿದ್ದೆ. ಅಪ್ಪನಿಗೆ ಫೋನ್ ಮಾಡಿದರೆ "ಎಲ್ಲಿಗೆ ಬಂತು?" ಅಂತ ಕೇಳುತ್ತಾನೆ ಅಂತ ಎರಡು ವಾರ ಅಮ್ಮನ ಜೊತೆ ಮಾತ್ರ ಮಾತಾಡಿದೆ.

ಆಮೇಲೆ ಬಲಗಡೆ ಡ್ರಾಯರಿನ ಫೋಟೋಗಳನ್ನು ಇನ್ನೊಂದು ಸಲ ನೋಡುವಾಗ ಕಂಡಿತು: ಅದರ ಹಿಂದಿನ ಹಲಗೆ ಹಲಸಿನದ್ದಲ್ಲ, ಯಾವುದೋ ಬೇರೆ ಮರ, ಸರಿಯಾಗಿ ಹತ್ತರಿಯನ್ನೂ ಹಾಕಿಲ್ಲ. ಯಾರಿಗೂ ಕಾಣದ ಜಾಗಕ್ಕೆ ಒಳ್ಳೆ ಮರ ಯಾಕೆ ದಂಡ ಅಂತ ಆಚಾರ್ರು ಆಗಲೇ ಲೆಕ್ಕ ಹಾಕಿದ್ದರು. ನಾನು ಹಿಂದಿನದಕ್ಕೆ ಇಟ್ಟಿದ್ದ ಹಲಸನ್ನು ಪಕ್ಕಕ್ಕೆ ತಂದೆ, ಹಿಂದಕ್ಕೆ ಅವರ ಮಗ ಕೊಟ್ಟ ಸಿಲ್ವರ್ ಓಕು.

ಈ ಸಲ ಮೂರು ದಿನ ಹತ್ತರಿ, ಮೂಲೆಮಟ್ಟ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಎರಡೂ ಪಕ್ಕದ ಹಲಗೆಯನ್ನು ಒಂದರ ಮೇಲೊಂದು ಬಿಗಿದು ಒಟ್ಟಿಗೇ ಟೇಲು ಕೊಯ್ದೆ, ಹೀಗಾದರೆ ಎರಡೂ ಅವಳಿ. ತೆಗೆಯಬೇಕಾದಲ್ಲೆಲ್ಲ ಪೆನ್ಸಿಲಿನಲ್ಲಿ ದೊಡ್ಡ ಕಾಟು. ಕೊಯ್ದ ಟೇಲನ್ನು ಮುಂದಿನ ಹಲಗೆಯ ತುದಿಯ ಮೇಲೆ ಇಟ್ಟು ಚೂಪು ಚಾಕುವಿನಲ್ಲಿ ಗೀರಿದೆ. ಅಲ್ಲಿಂದ ಮುಂದೆ ಜಿಗ್ಗಿನ ಕೆಲಸ ಹೆಚ್ಚಿಲ್ಲ. ಹಾಫ್ ಬ್ಲೈಂಡಿನಲ್ಲಿ ಗರಗಸ ಓರೆಯಾಗಿ ಅರ್ಧ ದಾರಿ ಮಾತ್ರ ಇಳಿಯಬಹುದು, ಇಲ್ಲದಿದ್ದರೆ ಮುಂದಿನ ಮೈಗೆ ಬಂದುಬಿಡುತ್ತದೆ. ಉಳಿದದ್ದೆಲ್ಲ ಉಳಿ, ಕೊಡತಿ, ತಾಳ್ಮೆ. ಒಂದು ಕಚ್ಚಿಗೆ ಅರ್ಧ ಗಂಟೆ. ಉಳಿಯ ಟಕ್ ಟಕ್ ಕೇಳಿ ಓನರ್ ಅಂಕಲ್ ಒಮ್ಮೆ ಮೇಲೆ ಬಂದರು. ಬೈಯೋಕಲ್ಲ. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು, ತಮ್ಮ ತಂದೆಯ ಕಾಲದ ಬೀಟೆ ಮಂಚವನ್ನು ಮಾರಿದ ಕಥೆ ಹೇಳಿದರು.

ಜೋಡಿಸಿದಾಗ ಎರಡು ಕಡೆ ಕೂದಲೆಳೆ ಸಂದು ಬಂತು. ಹಲಸಿನ ಪುಡಿ ಅಂಟು ಕಲಸಿ ತುಂಬಿದೆ, ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ, ಊರಲ್ಲಿ ಹೇಳಿಲ್ಲ. ಕೆಳಗಿನ ಹಲ್ಲನ್ನು ಸ್ವಲ್ಪ ದೊಡ್ಡದೇ ಹಾಕಿದ್ದೇನೆ.

ಯುಗಾದಿಗೆ ತಗೊಂಡು ಹೋದೆ. ಅಳತೆ ಎಷ್ಟು ಕರಾರುವಾಕ್ಕಾಗಿತ್ತು ಅಂದರೆ ಡ್ರಾಯರು ಒಳಗೆ ಹೋಗುವಾಗ ಗಾಳಿ ಒತ್ತಿ ಬಲಗಡೆಯದು ತಾನೇ ಹೊರಗೆ ಬರುತ್ತಿತ್ತು. ಮೇಲ್ಗಡೆ ಸಂದು ಒಂದು ಪೋಸ್ಟ್‌ಕಾರ್ಡಿನಷ್ಟು! ಅಪ್ಪ ನಾಲ್ಕೈದು ಸಲ ತೆಗೆದು ಹಾಕಿ ಮಾಡಿದ. ಎರಡೂ ಡ್ರಾಯರನ್ನು ಹೊರಗೆಳೆದು ಅಕ್ಕಪಕ್ಕ ಇಟ್ಟು ಮೂಲೆಯ ಮೇಲೆ ಬೆರಳಾಡಿಸಿದ. ಹೊಸ ಹಲಸು ಅರಿಶಿನದ ಹಾಗೆ ಹಳದಿ, ಹಳೆಯದು ಕಂದು. "ಬಿಸ್ಲು ಕಂಡ್ರೆ ಇದೂ ಕಂದಾಗುತ್ತೆ" ಅಂದ. ಆಮೇಲೆ ತನ್ನ ಕಾಗದಪತ್ರಗಳನ್ನೆಲ್ಲ ತಂದು ಅದರೊಳಗೆ ತುಂಬಿದ.

ಮೊನ್ನೆ, ಜುಲೈನಲ್ಲಿ, ಅಪ್ಪನೇ ಫೋನ್ ಮಾಡಿದ. ಅಮ್ಮನ ಮೊಬೈಲಿನಿಂದ ಅಲ್ಲ, ತನ್ನದರಿಂದ.

"ನಿನ್ನ ಡ್ರಾಯರು ಬರ್ತಾ ಇಲ್ಲ ಮಾರಾಯ."

ಫೆಬ್ರವರಿಯ ಬೆಂಗಳೂರಿನ ಒಣಹವೆಯಲ್ಲಿ ಅಳತೆ ಮಾಡಿದ ಮರ ಮಲೆನಾಡಿನ ಮಳೆಗಾಲ ಕುಡಿದು ಉಬ್ಬಿತ್ತು. ಮರ ಉದ್ದಕ್ಕೆ ಹಿಗ್ಗೋದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಡ್ರಾಯರಿನ ಪಕ್ಕದ ಹಲಗೆಗೆ ಅಗಲ ಅಂದರೆ ಎತ್ತರ. ಆಚಾರ್ರು ಬಿಟ್ಟಿದ್ದ ಆ ಕಾಲಿಂಚಿನ ಸಂದು!

"ಬಲಗಡೆದು ಬರ್ತಿದ್ಯಾ?"

"ಅದು ಸಲೀಸಾಗಿ ಬರುತ್ತೆ. ಇದನ್ನ ನಿನ್ನೆ ನಾನೂ ಪಕ್ಕದ್ಮನೆಯವ್ನೂ ಸೇರಿ ಎಳೆದ್ವಿ. ಹಿಡಿ ಕಿತ್ತು ಕೈಗೆ ಬಂತು."

"ಮೂಲೆ?"

"ಮೂಲೆ ಎಂಥದೂ ಆಗ್ಲಿಲ್ಲ. ಜಪ್ಪಯ್ಯ ಅಂದ್ರೂ ಬಿಟ್ಕೊಳ್ಲಿಲ್ಲ."

ಮಳೆ ನಿಲ್ಲೋವರೆಗೆ ಕಾಯೋದೊಂದೇ ದಾರಿ ಅಂತ ಹೇಳಿದೆ. ದಸರಾ ಹೊತ್ತಿಗೆ ಬಂದು ಮೇಲಿನ ಅಂಚಿಗೆ ಹತ್ತರಿ ಹಾಕಿಕೊಡುತ್ತೇನೆ ಅಂತಲೂ ಹೇಳಿದೆ.

"ಅಲ್ಲೀವರೆಗೆ ನಂದು ಬ್ಯಾಂಕಿನ ಪಾಸ್‌ಬುಕ್ಕು ಅದರೊಳಗೇ ಇರುತ್ತಲ್ಲ" ಅಂದ ಅಪ್ಪ. ನಗುತ್ತಿದ್ದ ಅನ್ನಿಸುತ್ತೆ, ಮಳೆ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ.